ದಪ್ಪ ಅಕ್ಷರದ ಲಗ್ನಪತ್ರಿಕೆ

ಗಂಗಾವತಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಒಬ್ಬ ಹೆಣ್ಣುಮಗಳ ಹೆಸರು ಗೇಣುದ್ದದ ಕರಿ ಅಕ್ಷರದಲ್ಲಿ ಇರಬೇಕಾದರೆ ಆಕೆ ಒಂದೋ ನಾಟಕದ ನಟಿಯಾಗಿರಬೇಕು, ಇಲ್ಲವೇ ಎಲೆಕ್ಷನ್ನಿಗೆ ನಿಂತಿರಬೇಕು. ನಾನು ಎರಡೂ ಅಲ್ಲ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತವಳು ನಾನು. ಬಾಗಿಲಿಗೆ ಯಾರಾದರೂ ಬಂದರೆ ಒಳಗಿನ ಕೋಣೆಗೆ ಹೋಗಿ ಪರದೆಯ ಸಂದಿಯಿಂದ ನೋಡುವವಳು. ಅಂಥವಳ ಹೆಸರನ್ನು ಗುಲಾಬಿ ಹಾಳೆಯ ಮೇಲೆ ಒತ್ತಿ, ಮೈದಾ ಅಂಟು ಬಳಿದು, ಬಸ್‌ಸ್ಟ್ಯಾಂಡಿಗೆ, ಸಂತೆಯ ಗೋಡೆಗೆ, ಕಡೆಗೆ ಗಂಡಸರ ಮೂತ್ರಿಯ ಗೋಡೆಗೂ ಹಚ್ಚಲಾಯಿತು. ಮೂತ್ರಿಯ ವಿಷಯವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇದನ್ನು ಮಾಡಿದವರು ವೈರಿಗಳಲ್ಲ. ನನ್ನ ಅಪ್ಪ.

ಅಪ್ಪ ಅಮರಪ್ಪ ಅಕ್ಕಿ ಮಿಲ್ಲಿನಲ್ಲಿ ತೂಕದ ಗುಮಾಸ್ತ. ದೂರದಲ್ಲಿ ಬರುವ ಚಕ್ಕಡಿಯಲ್ಲಿ ಎಷ್ಟು ಚೀಲ ಭತ್ತ ಇದೆ ಎಂದು ಮಿಲ್ಲಿನ ಬಾಗಿಲಲ್ಲಿ ನಿಂತೇ ಹೇಳುತ್ತಾನೆ. ಆದರೆ ತಟ್ಟೆಯಲ್ಲಿ ಇರುವುದು ಚಟ್ನಿಯೋ ಪಲ್ಯವೋ ಎಂದು ಬಾಯಿಗೆ ಹಾಕಿಕೊಂಡ ಮೇಲೆಯೇ ತಿಳಿಯುವುದು. ಚಷ್ಮಾ ಹಾಕಿಕೋ ಎಂದು ಅವ್ವ ಹೇಳಿ ಹೇಳಿ ದಣಿದಿದ್ದಳು.

"ತೂಕ ಮಾಡಾವ ಚಷ್ಮಾ ಹಾಕ್ಕೊಂಡ್ರ ಇವನಿಗೆ ಕಣ್ಣು ಕಾಣಂಗಿಲ್ಲ, ತೂಕದಾಗ ಮೋಸ ಮಾಡ್ತಾನಂತ ರೈತರು ತಿಳೀತಾರ" ಎನ್ನುವುದು ಅಪ್ಪನ ವಾದ. ಕಣ್ಣು ಕಾಣದೇ ಚಷ್ಮಾ ಇಲ್ಲದೇ ತೂಕ ಮಾಡುವವನ ಬಗ್ಗೆ ರೈತರು ಏನು ತಿಳಿಯುತ್ತಾರೆ ಎಂದು ಅಪ್ಪ ಯೋಚಿಸಿದಂತಿಲ್ಲ.

ಹೀಗಿರುವಾಗ ಮಿಲ್ಲಿನ ಮಾಲಕರ ತಮ್ಮನ ಮದುವೆ ಕೊಪ್ಪಳದಲ್ಲಿ ನಿಶ್ಚಯವಾಯಿತು. ಲಗ್ನಪತ್ರಿಕೆ ಹುಬ್ಬಳ್ಳಿಯಲ್ಲಿ ಅಚ್ಚಾಗಿ ಬಂತು. ಬಂಗಾರದ ಬಣ್ಣ, ಕೂದಲೆಳೆಯಂಥ ಅಕ್ಷರ. ಅಪ್ಪ ಅದನ್ನು ಕೈಚಾಚಿ ಹಿಡಿದು, ಬೆಳಕಿಗೆ ಹಿಡಿದು, ಓರೆಯಾಗಿ ಹಿಡಿದು ಓದಿದ. ನನ್ನನ್ನು ಕೇಳಲಿಲ್ಲ. ಮಗಳ ಕೈಲಿ ಓದಿಸಿದರೆ ಮಾಲಕರಿಗೆ ಅವಮಾನ ಎಂದ. ಹೊಸ ಧೋತರ ಉಟ್ಟು ಕೊಪ್ಪಳಕ್ಕೆ ಹೋದ. ಹೋದದ್ದು ಮದುವೆಯ ಮರುದಿನ. ಅಲ್ಲಿ ಶಾಮಿಯಾನ ಬಿಚ್ಚುತ್ತಿದ್ದವರು ಈತ ತಮ್ಮ ಕಡೆಯ ಹೊಸ ಆಳು ಎಂದು ತಿಳಿದು ಬಟ್ಟೆಯ ಒಂದು ತುದಿ ಕೈಗೆ ಕೊಟ್ಟರು. ಅಪ್ಪ ಹಿಡಿದುಕೊಂಡ. ಬೇಡ ಎನ್ನಲು ಅವನಿಗೆ ಬರುವುದಿಲ್ಲ. ಕೊಪ್ಪಳದ ತನಕ ಹೋಗಿ ಶಾಮಿಯಾನ ಮಡಚಿ, ಉಪವಾಸ ವಾಪಸು ಬಂದ ಅತಿಥಿ ಈ ಸೀಮೆಯಲ್ಲಿ ಅಪ್ಪ ಒಬ್ಬನೇ ಇರಬೇಕು.

ಬಸ್ಸಿಳಿದು ಮನೆಗೆ ಬಂದವನೇ ರುಮಾಲು ತೆಗೆದು ನೆಲಕ್ಕೆ ಬಡಿದ. "ನನ್ನ ಮಗಳ ಲಗ್ನಪತ್ರಿಕಿ ರಸ್ತೆದ ಆ ಕಡಿ ಹಿಡಿದ್ರ ಈ ಕಡಿ ನಿಂತವರು ಓದಬೇಕು! ಹಂಗ ಮಾಡಸ್ಲಿಲ್ಲಂದ್ರ ನನ್ನ ಹೆಸರು ಅಮರಪ್ಪ ಅಲ್ಲ!"

ನನ್ನ ಮದುವೆ ಆಗಲೇ ಗೊತ್ತಾಗಿತ್ತು. ಗಂಡು ಕುಷ್ಟಗಿಯ ಯಂಕೋಬ, ಕರೆಂಟಿನ ಲೈನ್‌ಮನ್. ನೋಡಲು ಬಂದ ದಿನ ನಮ್ಮ ಗಿಡ್ಡ ಬಾಗಿಲಿಗೆ ತಲೆ ಬಡಿಸಿಕೊಂಡು, ಹಣೆ ಉಜ್ಜಿಕೊಳ್ಳುತ್ತ, ಬಾಗಿಲಿಗೇ "ತಪ್ಪಾತ್ರಿ" ಎಂದಿದ್ದರು. ನಾನು ಪರದೆಯ ಸಂದಿಯಿಂದ ನೋಡಿದ್ದೆ. ಬಾಗಿಲಿಗೇ ಬಹುವಚನ ಹಚ್ಚಿದವರು ಹೆಂಡತಿಯ ಮೇಲೆ ಕೈ ಎತ್ತಲಾರರು ಎಂದು ಅವತ್ತೇ ಲೆಕ್ಕ ಹಾಕಿದ್ದೆ. ಈ ಗಂಡು ತಪ್ಪಬಾರದು ಎಂದು ದಿನಾ ದೇವರ ಮುಂದೆ ಹೇಳಿಕೊಳ್ಳುತ್ತಿದ್ದೆ. ದೇವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನನ್ನ ಧ್ವನಿಯೇ ಅಂಥದು. ಒಲೆಯ ಮುಂದೆ ಮಾತಾಡಿದರೆ ಹೊಸ್ತಿಲಿಗೆ ಕೇಳುವುದಿಲ್ಲ.

ಪತ್ರಿಕೆ ಮಾಡಿಸಲು ಅಪ್ಪ ಮಕ್ಬುಲಸಾಬರ ಪ್ರೆಸ್ಸಿಗೆ ಹೋದ. ಹತ್ತಿರದ್ದನ್ನು ಓದಲು ಒಬ್ಬರು ಬೇಕೆಂದು ಈ ಸಲ ನನ್ನನ್ನೂ ಕರೆದುಕೊಂಡ. ಪ್ರೆಸ್ಸಿನಲ್ಲಿ ನಾಟಕದ ಹಾಳೆಗಳು ಆಗಷ್ಟೇ ಅಚ್ಚಾಗಿ ಹಗ್ಗದ ಮೇಲೆ ಒಣಗುತ್ತಿದ್ದವು. ಮಿಲ್ಲಿನ ಹಿಂದಿನ ಬಯಲಿನಲ್ಲಿ ಆ ತಿಂಗಳು ಒಂದು ನಾಟಕ ಕಂಪನಿ ತಂಬು ಹೊಡೆದಿತ್ತು.

ಆ ಹಾಳೆಯ ಅಕ್ಷರಗಳನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಅವುಗಳ ಅಚ್ಚು ಸೀಸದ್ದಲ್ಲ, ಕಟ್ಟಿಗೆಯಲ್ಲಿ ಕೊರೆದದ್ದು, ಒಂದೊಂದೂ ನನ್ನ ಅಂಗೈಗಿಂತ ದೊಡ್ಡದು. ಎಷ್ಟು ದಪ್ಪ ಎಂದರೆ ಅಕ್ಷರದ ಹೊಟ್ಟೆಯೊಳಗೆ ಸಾಸಿವೆ ಕಾಳಿನಷ್ಟು ಮಾತ್ರ ಬಿಳಿ ಉಳಿದಿತ್ತು. ತಲೆಕಟ್ಟು ಗೌಡರ ರುಮಾಲಿನ ಹಾಗೆ ಅಗಲ. ಹಬ್ಬದ ಊಟ ಮುಗಿಸಿ ಕಟ್ಟೆಯ ಮೇಲೆ ಒತ್ತೊತ್ತಾಗಿ ಕೂತ ಹಿರಿಯರ ಹಾಗೆ ಒಂದರ ಹೊಟ್ಟೆ ಇನ್ನೊಂದಕ್ಕೆ ತಾಗಿತ್ತು. ಓದುವ ಮೊದಲೇ ಅವು ಬೈದ ಹಾಗೆ ಕಾಣುತ್ತಿದ್ದವು.

ನಮ್ಮೂರಿನಲ್ಲಿ ಆ ಅಕ್ಷರಕ್ಕೆ ಇದ್ದದ್ದು ಒಂದೇ ಕೆಲಸ, ನಾಟಕ. ಸಿನಿಮಾದ ಕಾಗದ ಚಿತ್ರ ಸಮೇತ ಹೊರಗಿನಿಂದ ಬರುತ್ತಿತ್ತು. ಹರಾಜಿನ ನೋಟೀಸನ್ನು ಯಾರೂ ಓದಬಾರದು ಎನ್ನುವಷ್ಟು ಸಣ್ಣ ಅಕ್ಷರದಲ್ಲಿ ಹಾಕುತ್ತಿದ್ದರು. ತೀರಿಕೊಂಡವರ ಸುದ್ದಿಗೆ ಕರಿ ಅಂಚು. ಮದುವೆಗೆ ಸುರುಳಿ ಸುರುಳಿಯಾದ ಬಳ್ಳಿ ಅಕ್ಷರ. ಇದು ಸಾಲಿಗೆ ಹೋಗದವರಿಗೂ ಗೊತ್ತಿದ್ದ ವಿಷಯ. ಅಪ್ಪನಿಗೂ ಗೊತ್ತಿತ್ತು. ಆದರೆ ಆ ಕ್ಷಣಕ್ಕೆ ಅಪ್ಪನ ಕಣ್ಣಿಗೆ ಆ ಅಕ್ಷರ ಬಿಟ್ಟು ಬೇರೇನೂ ಕಾಣಲಿಲ್ಲ, ನಿಜವಾಗಿಯೂ.

"ಅಮರಪ್ಪನೋರ, ಅವು ನಾಟಕದ ಅಕ್ಷರ್ರಿ" ಎಂದರು ಮಕ್ಬುಲಸಾಬರು. "ಲಗ್ನಕ್ಕ ಬ್ಯಾರೆ ಅದಾವ. ಇಲ್ಲಿ ನೋಡ್ರಿ, ಬಳ್ಳಿ ಅಕ್ಷರ. ಎಷ್ಟು ನಾಜೂಕ ಐತಿ."

ಅಪ್ಪ ಆ ಮಾದರಿ ಹಾಳೆಯನ್ನು ಕೈಚಾಚಿ ಹಿಡಿದ. ಕೈ ಸಾಲಲಿಲ್ಲ. ನನಗೆ ಕೊಟ್ಟು, "ಹಿಡ್ಕೊಂಡು ಬಾಗಲಿಗೆ ಹೋಗವಾ" ಎಂದ. ಹೋದೆ. "ಇನ್ನೂ ಹಿಂದಕ್ಕ." ರಸ್ತೆಗೆ ಇಳಿದೆ. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ.

"ಏನೂ ಕಾಣವಲ್ದು! ಬಳ್ಳಿನೂ ಇಲ್ಲ, ಕಾಯಿನೂ ಇಲ್ಲ. ಆ ನಾಟಕದ್ದು ಹಿಡಿ."

ಹಿಡಿದೆ. ನಡುವೆ ಹುಲ್ಲಿನ ಚಕ್ಕಡಿ ಅಡ್ಡ ಬಂದು ಹೋಯಿತು. ಅದು ದಾಟುವ ಮೊದಲೇ ಅಪ್ಪ ಅರ್ಧ ಓದಿ ಮುಗಿಸಿದ್ದ.

"ಇದು ಅಕ್ಷರ! ಮಕ್ಬುಲಸಾಬ, ಇದ ಬೇಕು ನನಗ. ಇದ ಹಾಳಿ, ಇದ ಅಳತಿ."

ಮಕ್ಬುಲಸಾಬರು ಒಳ್ಳೆಯವರು, ಆದರೆ ಬಿಸಿಲು ಏರಿತ್ತು. ನಾಟಕದ ಅಕ್ಷರಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದದ್ದು ಇನ್ನೂ ಬಿಚ್ಚಿರಲಿಲ್ಲ. "ಹೆಂಗೂ ಕಟ್ಟಿದ್ದು ಕಟ್ಟಿದಂಗ ಐತಿ. ಹೆಸರಷ್ಟ ಬದಲಿ ಮಾಡಿದ್ರ ಮುಗೀತು. ಹೌದಲ್ರಿ, ಮ್ಯಾಲ 'ಜನರ ಒತ್ತಾಯದ ಮೇರೆಗೆ' ಅಂತ ಐತಿ. ತೆಗಿಲ್ರಿ?"

"ಯಾಕ ತೆಗೀತಿ? ಎರಡು ವರ್ಷಾತು ಓಣಿ ಜನ ಮಗಳ ಲಗ್ನ ಮಾಡು, ಮಾಡು ಅಂತ ನನ್ನ ಜೀವಾ ತಿನ್ನಾಕತ್ಯಾರ. ಸುಳ್ಳೇನೈತಿ ಅದ್ರಾಗ?"

"'ಹೆಂಗಸರಿಗೆ ಪ್ರತ್ಯೇಕ ಆಸನ'?"

"ಬೀಗರು ಮರ್ಯಾದಸ್ತರು. ಅದು ಇರಾಕ ಬೇಕು."

"'ಒಂದೇ ದಿನ, ಒಂದೇ ಆಟ'?"

ಅಪ್ಪ ವಿಚಾರ ಮಾಡಿದ. "ಆಟ ಬ್ಯಾಡ. ಆಟ ಅಂದ್ರ ಬೀಗರು ಸಿಟ್ಟಾಗ್ತಾರ. ಒಂದೇ ದಿನ ಅನ್ನೂದು ಇರಲಿ. ನನ್ನಂಗ ಯಾರೂ ಮರುದಿನ ಬರಬಾರದು."

ನಾಯಕಿಯ ಹೆಸರಿದ್ದ ಜಾಗದಲ್ಲಿ ಹುಲಗಮ್ಮ ಎಂದು ನನ್ನ ಹೆಸರು ಕೂತಿತು. ಗಂಡಿನ ಹೆಸರಿಗೆ ದಪ್ಪ ಅಕ್ಷರ ಹಿಡಿಸುವಷ್ಟು ಜಾಗ ಉಳಿಯಲಿಲ್ಲ.

"ತಳದಾಗ ಹಾರ್ಮೋನಿಯಂ ಮಾಸ್ತರ ಹೆಸರು ಇತ್ತಲ್ರಿ, ಸಣ್ಣದು. ಅಲ್ಲಿ ಕೂಡಸ್ತೀನಿ."

"ಕೂಡ್ಸು. ಗಂಡು ಏನು ಪತ್ರಿಕಿ ಓದಿ ಬರಬೇಕೇನು? ಅಂವ ಹೆಂಗಿದ್ರೂ ಬರ್ತಾನ."

"ಅಪ್ಪಾ, ಇದು ನಾಟಕದ ಥರಾನ ಕಾಣ್ತೈತಿ" ಎಂದು ನಾನು ಹೇಳಿದೆ. ಅದೇ ಹೊತ್ತಿಗೆ ಮಷೀನು ಶುರುವಾಯಿತು. ಇನ್ನೊಂದು ಸಲ ಹೇಳಿದೆ. ಅಪ್ಪ ನನ್ನ ತುಟಿ ಆಡುವುದನ್ನು ನೋಡಿ, "ಹೂಂ, ಭಾಳ ಛಂದ ಬಂದೈತಿ" ಎಂದು ತಲೆ ಸವರಿದ.

ಇಷ್ಟಕ್ಕೇ ನಿಂತಿದ್ದರೆ ನೆಂಟರು ಮಾತ್ರ ನಗುತ್ತಿದ್ದರು. ಆದರೆ ಸಂಜೆ ಹಾಳೆ ಒಯ್ಯಲು ಬಂದ ಕಂಪನಿಯ ಗೋಡೆಗೆ ಹಚ್ಚುವವನು ಒಂದೇ ಬಣ್ಣದ, ಒಂದೇ ಅಕ್ಷರದ ಎರಡು ಕಟ್ಟುಗಳನ್ನು ಕಂಡ. ಎರಡೂ ತನ್ನವೇ ಎಂದು ತಿಳಿದು ಹೊತ್ತುಕೊಂಡು ಹೋದ. ಅವನ ತಪ್ಪೇನೂ ಇಲ್ಲ. ಬೆಳಗಾಗುವಷ್ಟರಲ್ಲಿ ಊರ ಗೋಡೆಗಳಿಗೆಲ್ಲ ನಾನೇ. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಬಸ್ಸುಗಳ ಬೆನ್ನಿಗೂ ನಾನೇ. ಅಪ್ಪ ಮಿಲ್ಲಿಗೆ ಹೋಗುವ ದಾರಿಯಲ್ಲಿ ಒಂದೊಂದು ಗೋಡೆಗೂ ಒಂದು ಮಾರು ದೂರ ನಿಂತು ಸರಾಗವಾಗಿ ಓದಿ, ಎದೆಯುಬ್ಬಿಸಿಕೊಂಡು ಮುಂದೆ ಹೋದ.

ಮೊದಲು ಬಂದವಳು ಎದುರು ಮನೆಯ ಪಾರಮ್ಮ. ಆಕೆಗೆ ಓದಲು ಬರುವುದಿಲ್ಲ.

"ಹಂಪವ್ವಾ, ಮಗಳಿಗೆ ಯಾವ ಪಾತ್ರ?" ಎಂದು ಅವ್ವನನ್ನು ಕೇಳಿದಳು.

"ಪಾತ್ರ ಎಲ್ಲಿಂದ ಬಂತು? ಲಗ್ನ ಅಲ್ಲೇನ ಪಾರವ್ವಾ, ಪತ್ರಿಕಿ ಅದು."

"ನನ್ನ ಮುಂದ ಮುಚ್ಚಿಡ್ತೀ? ನನಗ ಓದಾಕ ಬರಂಗಿಲ್ಲ, ಖರೆ. ಆ ಅಕ್ಷರ ಗುರುತು ಹತ್ತಂಗಿಲ್ಲೇನು? ಆ ಕರಿ ಡೊಳ್ಳೊಟ್ಟಿ ಅಕ್ಷರ ಗ್ವಾಡಿ ಹತ್ತಿತಂದ್ರ ತಂಬಿನಾಗ ನಾಟಕ ಐತಿ ಅಂತನ ಅರ್ಥ. ನನ್ನ ಲಗ್ನ ಆದಾಗಿಂದ ನೋಡಾಕತ್ತೀನಿ." ಪಾರಮ್ಮ ಪರದೆಯತ್ತ ಬಗ್ಗಿ ನೋಡಿದಳು. "ಈಗ ತಿಳೀತು ನೋಡು, ಈ ಹುಡುಗಿ ಮನಿಯಾಗ ಯಾಕ ಬಾಯಿ ಬಿಡಂಗಿಲ್ಲಂತ. ಧ್ವನಿ ಉಳಿಸಾಕತ್ತಾಳ!"

ನಾನು ಬಾಯಿ ಬಿಡದಿದ್ದಕ್ಕೂ ಸಾಕ್ಷಿ ಹುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಓಣಿಯೆಲ್ಲ ಪಾಸು ಕೇಳಲು ಬಂತು. ಅಪ್ಪನಿಗೆ ಪಾಸು ಎಂದರೆ ಏನೆಂದು ತಿಳಿಯಲಿಲ್ಲ. ಆದರೆ ಜನ ತಾವಾಗಿ ಮನೆಗೆ ಬಂದು ಮಗಳ ಮದುವೆಗೆ ಬರುತ್ತೇವೆ ಎನ್ನುವುದು ಸಾಮಾನ್ಯವೇ? "ಪಾಸು ಗೀಸು ಯಾಕ? ಎಲ್ಲಾರೂ ಬರ್ರಿ, ಮುಂದ ಕೂಡ್ರಿ, ಊಟ ಮಾಡಿ ಹೋಗ್ರಿ" ಎಂದ. ನಾಟಕಕ್ಕೆ ಊಟವೂ ಇದೆಯಂತೆ ಎನ್ನುವ ಸುದ್ದಿ ಹನುಮನಹಳ್ಳಿಯ ತನಕ ಹೋಯಿತು.

ಮರುದಿನ ಮನೆಯ ಮುಂದೆ ಸೈಕಲ್ ನಿಂತಿತು. ನಾಟಕ, ಸಿನಿಮಾಗಳ ತೆರಿಗೆ ನೋಡಿಕೊಳ್ಳುವ ಇನ್ಸ್‌ಪೆಕ್ಟರು. ಕೈಯಲ್ಲಿ ಗುಲಾಬಿ ಹಾಳೆ.

"ಅಮರಪ್ಪ ಅಂದ್ರ ನೀವ ಏನು? ಪರವಾನಗಿ ತಗೊಂಡೀರಿ?"

"ತಗೊಂಡೀನ್ರಿ" ಎಂದ ಅಪ್ಪ. ಸರಕಾರದವರು ಮದುವೆ ವಿಚಾರಿಸಲು ಬಂದರಲ್ಲ ಎಂದು ಅವನಿಗೆ ಹೆಮ್ಮೆ. "ಹುಡುಗನ ದೊಡ್ಡಪ್ಪ ಕೊಟ್ಟಾರ."

"ಅವರ್ಯಾರು?"

"ಕುಷ್ಟಗಿ ಮಾರೆಪ್ಪನೋರು."

"ಗಂಗಾವತ್ಯಾಗ ನಡಿಯೂದಕ್ಕ ಕುಷ್ಟಗಿಯವರು ಪರವಾನಗಿ ಕೊಡಾಕ ಯಾರ್ರಿ ಅವರು?"

ಅಪ್ಪನಿಗೆ ಸಿಟ್ಟು ಬಂತು. "ಹುಡುಗ ಅವರ ಮನಿಯಾಂವ. ಅವರು ಕೊಡದ ನೀವು ಕೊಡ್ತೀರೇನು?"

"ನಾವ ಕೊಡಬೇಕ್ರಿ! ನಾವು ಕೊಡದ ಈ ತಾಲೂಕಿನಾಗ ಪರದೆ ಏಳಂಗಿಲ್ಲ!"

ಇನ್ಸ್‌ಪೆಕ್ಟರ ಪರವಾನಗಿ ಇಲ್ಲದೆ ಈ ತಾಲೂಕಿನಲ್ಲಿ ಯಾರಿಗೂ ಮದುವೆ ಇಲ್ಲ ಎಂದು ಅಪ್ಪ ತಿಳಿದ. ಕಾಲ ಕೆಟ್ಟಿತು ಎಂದು ಅವ್ವನ ಮುಖ ನೋಡಿದ. ಅವ್ವ ಹೊರಗೆ ಬಂದು, "ಸಾಹೇಬ್ರ, ಅದು ನಾಟಕ ಅಲ್ರಿ, ನಮ್ಮ ಹುಡುಗಿ ಲಗ್ನ" ಎಂದಳು.

ಇನ್ಸ್‌ಪೆಕ್ಟರು ಹಾಳೆಯನ್ನು ಅವಳ ಮುಂದೆ ಬಿಚ್ಚಿ ಹಿಡಿದರು. "ಇಷ್ಟು ದಪ್ಪ ಅಕ್ಷರದಾಗ ಲಗ್ನ ಮಾಡ್ತಾರೇನವಾ ಯಾರರೆ? ತೆರಿಗಿ ತಪ್ಪಸಾಕ ಕಂಪನಿಯವರು ಏನೇನೋ ಹೇಳ್ತಾರ. ಲಗ್ನ ಅಂದವರನ್ನ ಇವತ್ತ ಮೊದಲ ನೋಡಿದ್ದು. ಆತು, ಅವತ್ತ ನಾನ ಬಂದು ಮುಂದಿನ ಸಾಲಿನಾಗ ಕೂಡ್ತೀನಿ. ಏನು ನಡೀತೈತಿ ನೋಡೇ ಬಿಡೂಣು."

"ಬರ್ರಿ, ಬರ್ರಿ. ಮನಿಯವರನ್ನೂ ಕರ್ಕೊಂಡು ಬರ್ರಿ" ಎಂದ ಅಪ್ಪ.

ಅವರು ಹೋಗುವುದಕ್ಕೂ ನಾಟಕ ಕಂಪನಿಯ ಮಾಲಕ ಬರುವುದಕ್ಕೂ ಸರಿಹೋಯಿತು. ಆತ ಬಾಗಿಲಲ್ಲೇ ಶುರು ಮಾಡಿದ, ಅದೂ ನಾಟಕದ ಧಾಟಿಯಲ್ಲೇ.

"ಏನು ಅನ್ಯಾಯರಿ ಇದು! ಆ ಅಕ್ಷರ ಕಂಡ್ರ ಜನ ನನ್ನ ತಂಬಿನ ಕಡಿ ಬರಬೇಕು. ಇಷ್ಟು ವರ್ಷ ನಾನು ಮಾಡಿಟ್ಟ ರೂಢಿ ಅದು. ಈಗ ಎಲ್ಲಾರೂ ಹುಲಗಮ್ಮನ ಆಟ ಯಾವಾಗ, ಹುಲಗಮ್ಮನ ಆಟ ಯಾವಾಗ ಅಂತ ಕೇಳಾಕತ್ಯಾರ. ಅದರ ಮ್ಯಾಲ ನೀವು ಊಟಾನೂ ಹಾಕ್ತೀರಂತ! ನಾಟಕಕ್ಕ ಊಟ ಹಾಕಿದ್ರ ನಾವು ಹೆಂಗ ಬದುಕಬೇಕು?"

"ಊಟ ಹಾಕಲಿಲ್ಲಂದ್ರ ಬೀಗರು ಬಿಡ್ತಾರೇನ್ರಿ?" ಎಂದ ಅಪ್ಪ ಅಷ್ಟೇ ಸಿಟ್ಟಿನಿಂದ.

ಅಷ್ಟರಲ್ಲಿ ಮಾಲಕನ ಕಣ್ಣು ಪರದೆಯ ಸಂದಿಗೆ ಬಿತ್ತು. ಸಿಟ್ಟು ಇಳಿಯಿತು. ದನದ ಸಂತೆಯಲ್ಲಿ ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದ. "ಎತ್ತರ ಛಲೋ ಐತಿ. ಮುಂದ ನಮ್ಮ ಕಂಪನಿಗೆ ಬರಬೇಕಂದ್ರ..."

ಅವ್ವ ಕಸಬರಿಗೆ ಹುಡುಕಿದಳು. ಮಾಲಕ ಅನುಭವಸ್ಥ, ಅದು ಸಿಗುವ ಮೊದಲೇ ಓಣಿ ದಾಟಿದ್ದ.

ಇಷ್ಟೂ ತಡೆದುಕೊಳ್ಳಬಹುದಿತ್ತು. ಆದರೆ ಕುಷ್ಟಗಿ ಬಸ್ಸಿನ ಬೆನ್ನಿಗೆ ಅಂಟಿದ್ದ ನಾನು ಕುಷ್ಟಗಿಗೆ ಹೋಗಿ ಮುಟ್ಟಿದ್ದೆ. ಮರುದಿನದ ಅದೇ ಬಸ್ಸಿಗೆ ಯಂಕೋಬ ಅವರ ದೊಡ್ಡಪ್ಪ ಮಾರೆಪ್ಪನವರು, ಹೆಂಡತಿ ಮಾರೆವ್ವನವರ ಜೊತೆ ಬಂದಿಳಿದರು. ತಂದೆ ಇಲ್ಲದ ಹುಡುಗನಿಗೆ ಇವರೇ ಹಿರಿಯರು. ಮಾರೆಪ್ಪನವರು ಫಾರೆಸ್ಟ್ ಗಾರ್ಡ್ ಆಗಿದ್ದವರು, ಕಟ್ಟಿಗೆ ಕದ್ದವರನ್ನು ನೋಡುವ ಹಾಗೆಯೇ ಎಲ್ಲರನ್ನೂ ನೋಡುತ್ತಾರೆ. ಬಸ್ಸಿನ ಬೆನ್ನಿನಿಂದ ಕಿತ್ತ ಧೂಳಿನ ಹಾಳೆಯನ್ನು ಅಪ್ಪನ ಎದುರು ಎಸೆದರು.

"ಚಾದಂಗಡ್ಯಾಗ ಕೂಡದಂಗ ಆಗೈತಿ ನನಗ! ನಿಮ್ಮ ಸೊಸಿ ಯಾವ ಕಂಪನಿರಿ ಮಾರೆಪ್ಪನೋರ ಅಂತಾರ. ನಾಯಕಿ ಪಾತ್ರನೋ ಕುಣಿಯೂ ಪಾತ್ರನೋ ಅಂತಾರ!"

"ಬೀಗರ, ಅದು ಪತ್ರಿಕಿರಿ. ದೂರದಿಂದ ಕಾಣಲಿ ಅಂತ..."

"ಕಂಡೈತಿ! ಊರಿಗೆಲ್ಲಾ ಕಂಡೈತಿ! ಕಾಣದ್ದು ನಮ್ಮ ಹುಡುಗನ ಹೆಸರು. ಸರಕಾರಿ ಕಂಬ ಏರೂ ಹುಡುಗ ಅಂವ. ಅವನನ್ನ ತಳದಾಗ ಹಾರ್ಮೋನಿಯಂ ಜಾಗದಾಗ ಕೂಡಸೀರಿ! ನಾನೇನು ನಾಟಕ ನೋಡಿಲ್ಲಂತ ತಿಳಿದೀರೇನು? ಯಾವ ಜಾಗದಾಗ ಯಾರ ಹೆಸರು ಬರ್ತೈತಿ ನನಗ ಗೊತ್ತೈತಿ." ಅವರು ರುಮಾಲು ಸರಿಮಾಡಿಕೊಂಡರು. "ಸಂಬಂಧ ಇಲ್ಲಿಗೆ ಮುಗೀತು."

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಅಪ್ಪ ಏನು ಮಾಡುವುದೆಂದು ತಿಳಿಯದೆ ಹಾಳೆಯನ್ನು ಎತ್ತಿ ಧೂಳು ಜಾಡಿಸಿದ. ಅದು ಮತ್ತಷ್ಟು ಸ್ಪಷ್ಟವಾಗಿ ಕಂಡಿತು.

ಮಾರೆವ್ವನವರು ಆ ತನಕ ಎಲೆ ಅಡಿಕೆ ಅಗಿಯುತ್ತ ಕೂತಿದ್ದರು. "ತಡೀರಿ ಒಂದೀಟು. ಅಕ್ಷರ ಯಾಕ ನೋಡ್ತೀರಿ, ಹುಡುಗೀನ ನೋಡೂಣು. ಇಲ್ಲಿ ಬಾ ತಂಗಿ."

ನಾನು ಹೋಗಿ ನಿಂತೆ.

"ನಿನ್ನ ಹೆಸರೇನವಾ?"

ಹೇಳಿದೆ.

"ಏನಂದಿ?"

ಇನ್ನೊಮ್ಮೆ ಹೇಳಿದೆ. ಗೋಡೆಯ ಮೇಲಿನ ಹಲ್ಲಿಯೂ ತಲೆ ತಿರುಗಿಸಲಿಲ್ಲ. ಮಾರೆವ್ವನವರು ಎದ್ದು ಬಂದು ಕಿವಿಯನ್ನು ನನ್ನ ಬಾಯಿಯ ಹತ್ತಿರ ಹಿಡಿದರು. ಮೂರನೇ ಸಲ ಹೇಳಿದೆ. ಅವರು ಗಂಡನ ಕಡೆ ತಿರುಗಿ ನಕ್ಕರು.

"ರೀ, ಈಕಿ ನಾಟಕದಾಕಿ ಆಗಿದ್ರ ಕಾಲಬುಡದಾಗ ಕುಂತ ಹಾರ್ಮೋನಿಯಂ ಮಾಸ್ತರಗೂ ಕೇಳಸ್ತಿದ್ದಿಲ್ಲ. ಜನ ಎದ್ದು ಹೋಗ್ತಿದ್ರು. ಇಂಥಾಕಿನ್ನ ಯಾವ ಕಂಪನಿಯವ ಇಟ್ಕೋತಾನ? ನಮ್ಮ ಮನಿಗೆ ಇಂಥಾಕಿನ ಬೇಕು, ನಾ ಬೈದ್ರ ತಿರುಗಿ ಮಾತಾಡಿದ್ರೂ ಕೇಳಂಗಿಲ್ಲ."

ಮಾರೆಪ್ಪನವರು ಮೀಸೆಯ ಮೇಲೆ ಕೈಯಾಡಿಸಿ ಒಪ್ಪಿದರು. ಆದರೆ ಒಂದು ಶರತ್ತು. ಎಲ್ಲೆಲ್ಲಿ ನನ್ನ ಹೆಸರಿದೆಯೋ ಅಲ್ಲೆಲ್ಲ ಹುಡುಗನ ಹೆಸರೂ ಬರಬೇಕು. ಅದೇ ಅಕ್ಷರ, ಅದೇ ದಪ್ಪ, ನೂಲೆಳೆಯಷ್ಟೂ ಕಡಿಮೆ ಇರಬಾರದು.

ಅಪ್ಪ ಪ್ರೆಸ್ಸಿಗೆ ಓಡಿದ. ಮಕ್ಬುಲಸಾಬರು ಯಂಕೋಬ ಎಂದು ಮೂರು ಅಕ್ಷರ ಜೋಡಿಸಿದರು, ಹಾಳೆ ತುಂಬಿತು. ಉಳಿದ ಒಂದು ಮೂಲೆಯಲ್ಲಿ ಬೆರಳು ತೋರಿಸುವ ಕೈಯ ಚಿತ್ರವೊಂದನ್ನು ಹಾಕಿದರು. ಅದನ್ನು ನನ್ನ ಹೆಸರಿನ ಕೆಳಗೆ ಗೋಡೆ ಗೋಡೆಗೂ ಹಚ್ಚಿದರು, ಮೂತ್ರಿ ಸಮೇತ. ಮಾರೆಪ್ಪನವರ ಮನಸ್ಸು ತಣ್ಣಗಾಯಿತು. ಊರಿನದು ಬಿಸಿಯಾಯಿತು.

"ನೋಡಿದ್ಯಾ?" ಎಂದಳು ಪಾರಮ್ಮ. "ಮೊದಲ ನಾಯಕಿನ ಹಚ್ಚಿದ್ರು. ಈಗ ನಾಯಕನ್ನ ಹಚ್ಚ್ಯಾರ. ಇಂಥಾ ದೊಡ್ಡ ನಾಟಕ ಗಂಗಾವತಿಗೆ ಬಂದಿದ್ದಿಲ್ಲ."

ಮದುವೆ ಇದ್ದದ್ದು ಮಿಲ್ಲಿನಲ್ಲಿ ಭತ್ತ ಒಣಹಾಕುವ ಸಿಮೆಂಟ್ ಕಣದ ಮೇಲೆ. ಎತ್ತರದ ಕಟ್ಟೆಯ ಮೇಲೆ ಹಂದರ ಹಾಕಿದ್ದರು. ಆ ಕಟ್ಟೆ ನೋಡಲು ಯಾವುದರ ಹಾಗೆ ಇತ್ತು ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಮುಹೂರ್ತಕ್ಕೆ ಎಷ್ಟೋ ಮೊದಲೇ ಕಣ ತುಂಬಿತು. ಟ್ರ್ಯಾಕ್ಟರಿನಲ್ಲಿ ಬಂದರು, ಚಕ್ಕಡಿಯಲ್ಲಿ ಬಂದರು. ಹೆಂಗಸರು ಹಾಳೆಯಲ್ಲಿ ಬರೆದಂತೆ ಒಂದು ಬದಿಗೆ ಕೂತರು. ಗಂಡಸರು ಮುಂದಿನ ಸಾಲಿಗಾಗಿ ಜಗಳಾಡಿದರು. ನಡುವೆ ಇನ್ಸ್‌ಪೆಕ್ಟರು, ಮನೆಯವರ ಸಮೇತ. ಅವರ ಪಕ್ಕದಲ್ಲಿ ನಾಟಕ ಕಂಪನಿಯ ಮಾಲಕ, ಮುಖ ಗಂಟುಹಾಕಿಕೊಂಡು. ಶೇಂಗಾ ಮಾರುವವರೂ ಬಂದಿದ್ದರು. ಮದುವೆಗೆ ಶೇಂಗಾ ಮಾರುವವರು ಬಂದದ್ದನ್ನು ನಾನು ಎಲ್ಲೂ ನೋಡಿಲ್ಲ.

ಅಪ್ಪ ಕಟ್ಟೆಯ ಅಂಚಿಗೆ ನಿಂತು ಜನಸಾಗರಕ್ಕೆ ಕೈಮುಗಿದ. ಚಪ್ಪಾಳೆ ಬಿತ್ತು. ಅಪ್ಪ ಇನ್ನೊಮ್ಮೆ ಮುಗಿದ.

ನನ್ನ ಮತ್ತು ಯಂಕೋಬ ಅವರ ನಡುವೆ ಅಂತರಪಟ ಹಿಡಿದರೋ ಇಲ್ಲವೋ, "ಪರದೆ! ಪರದೆ!" ಎಂದು ಹಿಂದಿನವರು ಸಿಳ್ಳೆ ಹೊಡೆದರು. ಅಯ್ಯನವರು ಮಂತ್ರ ಹೇಳುತ್ತಿದ್ದರೆ "ಜೋರಾಗಿ ಹೇಳ್ರಿ, ಕೇಳವಲ್ದು" ಎಂದು ಕೂಗಿದರು. ಅಯ್ಯನವರೂ ಜೋರು ಮಾಡಿದರು. ಅಂತರಪಟ ಸರಿಸಿದಾಗ ಎದ್ದ ಗದ್ದಲಕ್ಕೆ ಯಂಕೋಬ ಅವರು ಬೆದರಿ ಅಕ್ಕಿಕಾಳನ್ನು ನನ್ನ ತಲೆಗೆ ಹಾಕುವ ಬದಲು ಅಯ್ಯನವರ ತಲೆಗೆ ಹಾಕಿದರು. ಅದಕ್ಕೆ ಎಲ್ಲಕ್ಕಿಂತ ಜೋರು ನಗೆ. "ನಾಯಕ ಹಾಸ್ಯಾನೂ ಮಾಡ್ತಾನ!" ಎಂದು ಯಾರೋ ಮೆಚ್ಚಿದರು.

ಮಾರೆಪ್ಪನವರ ಮೂಗು ಕೆಂಪಾಗುತ್ತಿತ್ತು. ತಾಳಿ ಒಂದು ಬೀಳಲಿ, ಆಮೇಲೆ ಏನಾದರೂ ಆಗಲಿ ಎಂದು ತಲೆ ತಗ್ಗಿಸಿ ಕೂತೆ. ವಾದ್ಯ ಮೊಳಗಿತು. ಯಂಕೋಬ ಅವರು ಗಂಟು ಹಾಕಿದರು. ನಾನು ಉಸಿರು ಬಿಟ್ಟೆ.

"ಒನ್ಸ್ ಮೋರ್!"

ಮೊದಲು ಒಬ್ಬ. ಆಮೇಲೆ ಒಂದು ಸಾಲು. ಆಮೇಲೆ ಇಡೀ ಕಣ. "ಒನ್ಸ್ ಮೋರ್! ಒನ್ಸ್ ಮೋರ್!" ನಾಟಕದಲ್ಲಿ ಹಾಡು ಹಿಡಿಸಿದರೆ ಹೀಗೆ ಕೂಗುತ್ತಾರೆ, ನಟರು ಅದನ್ನೇ ಮತ್ತೊಮ್ಮೆ ಹಾಡುತ್ತಾರೆ. "ಹಿಂದಿನವರಿಗೆ ಕಾಣಲಿಲ್ಲ! ಬಗ್ಗಿದವರು ಸರೀರಿ! ಮತ್ತೊಮ್ಮೆ ಕಟ್ಟಸ್ರಿ!"

ಅಯ್ಯನವರು ಅಪ್ಪನ ಮುಖ ನೋಡಿದರು. ಅಪ್ಪ ಜನರನ್ನು ನೋಡಿದ. ಅಷ್ಟು ಜನ ಅವನನ್ನು ಯಾವತ್ತೂ ಏನನ್ನೂ ಕೇಳಿರಲಿಲ್ಲ. ಬೇಡ ಎನ್ನಲು ಅವನಿಗೆ ಬರುವುದಿಲ್ಲ ಎಂದು ಆಗಲೇ ಹೇಳಿದ್ದೇನೆ.

"ಏನು ಮಾಡೂದ್ರಿ" ಎಂದ ಅಪ್ಪ. "ಜನರ ಒತ್ತಾಯದ ಮೇರೆಗೆ ಅಂತ ನಾವ ಅಚ್ಚು ಹಾಕಸೀವಿ. ಈಗ ಇಲ್ಲಂದ್ರ ಮಾತು ತಪ್ಪಿದಂಗಾಕೈತಿ. ಯಂಕೋಬ, ಒಂದ ಸಲ ಬಿಚ್ಚಿ ಮತ್ತೊಂದ ಸಲ ಕಟ್ಟಿಬಿಡ್ರಿ."

ಬಾಗಿಲಿಗೇ ತಪ್ಪಾಯಿತು ಎಂದವರು ಮಾವನಿಗೆ ಎದುರಾಡುತ್ತಾರೆಯೇ? "ಆತ್ರಿ" ಎಂದರು. ನನ್ನ ಕುತ್ತಿಗೆಯ ಹಿಂದಿನ ಗಂಟಿಗೆ ಅವರ ಬೆರಳು ತಾಗಿತು. ಗಂಟು ಸಡಿಲವಾಗತೊಡಗಿತು.

ನಾನು ಎದ್ದು ನಿಂತೆ.

"ಕೈ ತೆಗೀರಿ! ಕಟ್ಟಿದ ತಾಳಿ ಬಿಚ್ಚಾಕ ಬಂದೀರಿ? ಏನಂತ ತಿಳಿದೀರಿ ಎಲ್ಲಾರೂ? ಇದು ನಾಟಕ ಅಲ್ಲ! ಇದು ನನ್ನ ಲಗ್ನ! ನಾ ಅಮರಪ್ಪನ ಮಗಳು, ಯಾವ ಕಂಪನಿಯಾಕಿನೂ ಅಲ್ಲ! ಒಂದು ದಪ್ಪ ಅಕ್ಷರ ಕಂಡ್ರ ಅದ್ರ ಕೆಳಗ ಏನು ಬರದೈತಿ ಓದಬೇಕನ್ನೂ ಜ್ಞಾನ ಒಬ್ಬರಿಗಾದ್ರೂ ಬ್ಯಾಡೇನು? ಸಿಳ್ಳಿ ಹೊಡಿಯಾವರು ಮನಿಗೆ ಹೋಗ್ರಿ! ಶೇಂಗಾ ಮಾರಾಂವ, ನೀನೂ ಹೋಗು! ಅಪ್ಪಾ, ನೀ ನಾಳೆ ಚಷ್ಮಾ ತಗೋ! ಅಯ್ಯನೋರ, ಮುಂದಿನ ಮಂತ್ರ ಹೇಳ್ರಿ!"

ಆ ಧ್ವನಿ ಎಲ್ಲಿತ್ತೋ ನನಗೆ ಗೊತ್ತಿಲ್ಲ. ಅದು ಕಣ ದಾಟಿ, ಮಿಲ್ಲಿನ ತಗಡಿನ ಮಾಡಿಗೆ ಬಡಿದು ವಾಪಸು ಬಂತು. ಮಾಡಿನ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ವಾದ್ಯದವರು ವಾದ್ಯ ಕೆಳಗಿಟ್ಟರು.

ಯಂಕೋಬ ಅವರು ಸಡಿಲಾದ ಗಂಟನ್ನು ಬಿಗಿದು ಕೈ ಹಿಂದೆ ತೆಗೆದುಕೊಂಡರು. "ತಪ್ಪಾತ್ರಿ" ಎಂದರು, ಬಾಗಿಲಿಗೆ ಹೇಳಿದ ಹಾಗೆಯೇ.

ನಂತರ ಕಡೆಯ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಮುಂದೆ ಬರುತ್ತ ಬರುತ್ತ ಅದು ಗುಡುಗಾಯಿತು. ಪಾರಮ್ಮ ಎದ್ದು ನಿಂತು, "ಧ್ವನಿ ಉಳಿಸಾಕತ್ತಾಳಂತ ನಾ ಹೇಳಿದ್ದಿಲ್ಲ? ಹೇಳಿದ್ದಿಲ್ಲ?" ಎಂದು ಅಕ್ಕಪಕ್ಕದವರನ್ನು ತಿವಿದಳು. ನಾಟಕ ಕಂಪನಿಯ ಮಾಲಕ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಇನ್ಸ್‌ಪೆಕ್ಟರು ಅಪ್ಪನತ್ತ ಬೆರಳು ಮಾಡಿ, "ಇದನ್ನ ಲಗ್ನ ಅಂತ ಹೇಳಿದ್ರು ನೋಡು ನನಗ!" ಎಂದು ಹೆಂಡತಿಯ ಕಿವಿಯಲ್ಲಿ ಕೂಗಿ ಹೇಳಿದರು. ಕೂಗದಿದ್ದರೆ ಆ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ.

ನಾನು ಕುಳಿತೆ. ಪಕ್ಕದಲ್ಲಿ ಕೂತಿದ್ದ ಮಾರೆವ್ವನವರು ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ್ದರು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಆಮೇಲೆ ಕಿವಿಯ ಹತ್ತಿರ ಬಗ್ಗಿ ನಿಧಾನಕ್ಕೆ ಹೇಳಿದರು:

"ಅವತ್ತ ನಾ ಹೆಸರು ಕೇಳಿದಾಗ ನೀ ಮೆಲ್ಲಕ ಹೇಳಿದ್ಯಲ್ಲಾ ತಂಗಿ, ಅದು ನೋಡು ನಾಟಕ."